ಟೇಲ್‌ಕೋಟ್ ಬೇಕಂದ್ರೆ ಮೊದ್ಲು ಪ್ಯಾಂಟ್ ನೋಡಿ

ಪ್ರಶ್ನೆ: ಸರ್, ಮಗ ವಿಯೆನ್ನಾದಲ್ಲಿ ಓದ್ತಿದ್ದಾನೆ. ಫೆಬ್ರವರಿಯಲ್ಲಿ ಅಲ್ಲಿನ ಓಪೆರಾ ಬಾಲ್ ಅನ್ನೋ ದೊಡ್ಡ ಡಾನ್ಸ್ ಸಮಾರಂಭಕ್ಕೆ ಅವನ ಪ್ರೊಫೆಸರ್ ಮನೆಯವ್ರು ಕರ್ಕೊಂಡು ಹೋಗ್ತಾರಂತೆ, ಗಂಡಸ್ರು ಟೇಲ್‌ಕೋಟ್ ಹಾಕ್ಕೊಂಡೇ ಬರ್ಬೇಕಂತೆ. ಡಿಸೆಂಬರ್ ರಜಕ್ಕೆ ಬಂದಾಗ ಇಲ್ಲೇ ಹೊಲಿಸೋಣ ಅಂತ ನಮ್ಮ ಟೈಲರ್‌ಗೆ ಫೋಟೋ ತೋರ್ಸಿದೆ. ಮಾಮೂಲಿ ಸೂಟ್ ಕೋಟನ್ನೇ ಮುಂದೆ ಕತ್ತರಿಸಿ ಹಿಂದೆ ಉದ್ದ ಬಿಟ್ರಾಯ್ತು ಅಂದ್ರು. ಆದ್ರೆ ಹಾಗೆ ಕತ್ತರಿಸಿದ್ರೆ ಮುಂದೆ ಗುಂಡಿ ಹಾಕೋಕೇ ಆಗಲ್ವಲ್ಲ? — ಓದುಗರು, ಮಲ್ಲೇಶ್ವರ

ಉತ್ತರ: ಗುಂಡಿ ಹಾಕ್ಬಾರ್ದು ಅಮ್ಮಾ, ಟೇಲ್‌ಕೋಟ್ ಅಂದ್ರೇನೇ ಅದು. ಮುಂದೆ ಆ ಕಡೆ ಮೂರು ಈ ಕಡೆ ಮೂರು ಗುಂಡಿ ಇರತ್ತೆ, ಬರೀ ಅಲಂಕಾರಕ್ಕೆ, ಕೋಟು ಯಾವಾಗ್ಲೂ ತೆರೆದೇ ಇರತ್ತೆ. ಹಾಗೆ ತೆರೆದಿದ್ರೂ ಮೈಗೆ ಅಂಟಿ ನಿಲ್ಬೇಕು ಅನ್ನೋದೇ ಅದರ ಕಷ್ಟ. ಅದಕ್ಕೇ ಸೊಂಟದ ಹತ್ರ ಅಡ್ಡ ಹೊಲಿಗೆ ಹಾಕಿ ಕೆಳಗಿನ ಬಾಲದ ಭಾಗ ಬೇರೆಯಾಗಿ ಕಟ್ ಮಾಡಿ ಜೋಡಿಸ್ತಾರೆ, ಬಾಲ ಮಂಡಿಯ ಹಿಂಭಾಗದ ತನಕ ಬರತ್ತೆ. ನಿಮ್ಮ ಟೈಲರ್ ಹೇಳಿದ ಹಾಗೆ ಸೂಟ್ ಕೋಟ್ ಕತ್ತರಿಸಿದ್ರೆ ಎದೆ ಹತ್ರ ಬಾಯಿ ಬಿಟ್ಕೊಂಡು ನಿಲ್ಲತ್ತೆ, ದಯವಿಟ್ಟು ಅದಕ್ಕೆ ಬಟ್ಟೆ ಕೊಡ್ಬೇಡಿ.

ಈ ಮುಂದೆ ಕತ್ತರಿಸಿರೋದು ಬಂದಿದ್ದು ಕುದುರೆ ಸವಾರಿಯಿಂದ. 18ನೇ ಶತಮಾನದಲ್ಲಿ ಇಂಗ್ಲೆಂಡ್‌ನಲ್ಲಿ ಕೋಟು ಮಂಡಿ ತನಕ ಸುತ್ತಲೂ ಇರ್ತಿತ್ತು, ಕುದುರೆ ಮೇಲೆ ಕೂತ್ರೆ ಮುಂದಿನ ಬಟ್ಟೆ ತೊಡೆ ಮೇಲೆ ಗುಡ್ಡೆ ಆಗ್ತಿತ್ತು, ಅದನ್ನ ತೆಗೆದು ಹಾಕಿ ಹಿಂದಿನದ್ದನ್ನ ಎರಡಾಗಿ ಸೀಳಿದ್ರು, ತಡಿಯ ಆಚೆ ಈಚೆ ಒಂದೊಂದು ಇಳಿಬೀಳೋ ಹಾಗೆ. 1800ರ ಆಸುಪಾಸು ಬೋ ಬ್ರಮ್ಮೆಲ್ ಅನ್ನೋ ಇಂಗ್ಲೆಂಡಿನ ಹೆಸರಾಂತ ಶೋಕಿವಾಲನ ಥರದವ್ರು ಹಗಲಲ್ಲೂ ನೀಲಿ ಟೇಲ್‌ಕೋಟೇ ಹಾಕ್ತಿದ್ರು. ಆಮೇಲಾಮೇಲೆ ಅದು ಕಪ್ಪಾಗಿ, ರಾತ್ರಿ ಸಮಾರಂಭಕ್ಕೆ ಮಾತ್ರ ಅಂತ ಉಳ್ಕೊಳ್ತು.

ಈಗ ಮುಖ್ಯ ವಿಷಯ. ಒಳಗಿನ ಬಿಳಿ ವೇಸ್ಟ್‌ಕೋಟ್ ಕೋಟಿನ ಮುಂದಿನ ಅಂಚಿಗಿಂತ ಕೆಳಗೆ ಒಂದಿಂಚೂ ಕಾಣ್ಬಾರ್ದು. ಎಷ್ಟೋ ಜನ ದೊಡ್ಡ ದೊಡ್ಡವ್ರ ಫೋಟೋದಲ್ಲೂ ಅದು ಕೆಳಗೆ ಇಣುಕ್ತಿರತ್ತೆ, ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ. ಯಾಕೆ ಹಾಗಾಗತ್ತೆ ಅಂದ್ರೆ ಪ್ಯಾಂಟು ಈಗಿನ ಜೀನ್ಸ್ ಥರ ಸೊಂಟದಿಂದ ಕೆಳಗೆ ಇರತ್ತೆ, ಪ್ಯಾಂಟಿಗೂ ಕೋಟಿಗೂ ಮಧ್ಯೆ ಷರ್ಟ್ ಕಾಣ್ಬಾರ್ದು ಅಂತ ವೇಸ್ಟ್‌ಕೋಟ್ ಉದ್ದ ಮಾಡ್ತಾರೆ, ಅಲ್ಲಿಗೆ ಎಲ್ಲಾ ಕೆಡ್ತು. ಪ್ಯಾಂಟು ಹೊಕ್ಕಳಿಗಿಂತ ಮೇಲೆ ನಿಲ್ಬೇಕು, ಬೆಲ್ಟ್ ಇಲ್ಲ, ಹೆಗಲಿಂದ ಸಸ್ಪೆಂಡರ್. ಹೊರಗಡೆ ಹೊಲಿಗೆ ಮೇಲೆ ಎರಡು ಸಾಲು ರೇಷ್ಮೆ ಪಟ್ಟಿ, ಒಂದೇ ಪಟ್ಟಿ ಇದ್ರೆ ಅದು ಟಕ್ಸೀಡೋ ಅನ್ನೋ ಬಾಲ ಇಲ್ಲದ ಪಾರ್ಟಿ ಸೂಟಿನ ಪ್ಯಾಂಟು. ನಮ್ಮಪ್ಪ ದಂಡಿನ ಕಡೆ ಕಟಿಂಗ್ ಮಾಸ್ಟರ್ ಆಗಿದ್ರು, ಯಾರಾದ್ರೂ ಟೇಲ್‌ಕೋಟ್ ಅಂತ ಬಂದ್ರೆ ಮೊದ್ಲು ಪ್ಯಾಂಟ್ ಹೊಲಿದು, ಅದನ್ನ ಹಾಕ್ಸಿ ನಿಲ್ಲಿಸಿ ಆಮೇಲೆ ಕೋಟಿನ ಅಳತೆ ತಗೊಳ್ತಿದ್ರು. ನಾನು ಟೇಪ್ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ದೆ. ಆ ಕ್ರಮ ಸರಿ ಅಂತ ಇವತ್ತಿಗೂ ನಂಬ್ತೀನಿ.

ಟೈ ಬಿಳಿ ಬೋ, ಕೈಯಲ್ಲಿ ಕಟ್ಟೋ ಅಂಥದ್ದು. ಕಪ್ಪು ಬೋ ಟೇಲ್‌ಕೋಟ್ ಮೇಲೆ ಹಾಕಿದ್ರೆ ಊಟ ಬಡಿಸೋವ್ರ ಯೂನಿಫಾರ್ಮ್ ಅಂದ್ಕೊಳ್ತಾರೆ. ಷರ್ಟಿನ ಕಾಲರ್ ಗಟ್ಟಿಯಾಗಿ ನಿಂತಿರ್ಬೇಕು, ಮುಂದೆ ಎರಡು ತುದಿ ಮಡಚಿರತ್ತೆ.

ಹೊಲಿಸ್ಬೇಕಾ ಅಂತ ಕೇಳಿದ್ರೆ, ಬೇಡ. ವಿಯೆನ್ನಾದಲ್ಲಿ ಟೇಲ್‌ಕೋಟನ್ನೇ ಫ್ರಾಕ್ ಅಂತಾರೆ (ಹೆಣ್ಮಕ್ಕಳ ಫ್ರಾಕ್ ಅಲ್ಲ), ಬಾಡಿಗೆಗೆ ಕೊಡೋ ಅಂಗಡಿಗಳಿವೆ, ಅಲ್ಲಿನವ್ರೂ ಬಾಲ್ ಸೀಸನ್‌ನಲ್ಲಿ ಬಾಡಿಗೆ ತಗೊಳ್ತಾರೆ, ಅದ್ರಲ್ಲಿ ಮರ್ಯಾದೆ ಕಡಿಮೆ ಅಂತೇನಿಲ್ಲ. ಬೇಗ ಹೋಗೋಕೆ ಹೇಳಿ, ಬಾಲ್ ಹತ್ರ ಬಂದ್ರೆ ಸೈಜ್ ಸಿಗಲ್ಲ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಡಾನ್ಸ್ ಮಾಡೋ ಹಾಗೆ ಎರಡೂ ಕೈ ಎತ್ತಲಿ, ಕಾಲರ್ ಕತ್ತಿಂದ ಎದ್ರೆ ಅಥವಾ ಕೋಟಿನ ಕೆಳಗೆ ಬಿಳಿ ಕಂಡ್ರೆ ಇನ್ನೊಂದು ಕೇಳಲಿ. ನಾಚ್ಕೊಳ್ಳೋದು ಬೇಡ. ವಾಪಸ್ ಬಂದ್ಮೇಲೆ ಫೋಟೋ ಕಳ್ಸಿ ಅಮ್ಮಾ, ನಾನು ಕಾಯ್ತಿರ್ತೀನಿ.

ಪ್ರಶ್ನೆ: ಬೆಳಿಗ್ಗೆ 11ಕ್ಕೆ ಚರ್ಚ್‌ನಲ್ಲಿ ತಮ್ಮನ ಮದುವೆ. ಟೇಲ್‌ಕೋಟ್ ಹಾಕ್ಬಹುದಾ? — ಓದುಗರು, ಫ್ರೇಜರ್ ಟೌನ್

ಉತ್ತರ: ಹಗಲಿಗೆ ಅದಲ್ಲ, ಮಾರ್ನಿಂಗ್ ಕೋಟ್. ಮುಂದೆ ಒಂದೇ ಗುಂಡಿ, ಅಲ್ಲಿಂದ ಅಂಚು ಓರೆಯಾಗಿ ಹಿಂದಕ್ಕೆ ಜಾರ್ಕೊಂಡು ಹೋಗತ್ತೆ, ಕೆಳಗೆ ಬೂದು ಬಣ್ಣದ ಗೆರೆ ಗೆರೆ ಪ್ಯಾಂಟು. ಇದಕ್ಕೆ ಗುಂಡಿ ಹಾಕ್ಬೇಕು. ಬಿಳಿ ಬೋ, ಕಪ್ಪು ಟೇಲ್‌ಕೋಟ್ ಸಂಜೆ 6ರ ಮೇಲೆ. ಆದ್ರೆ ಮದುವೆಗೆ ಬರೋವ್ರೆಲ್ಲ ಸೂಟ್‌ನಲ್ಲಿ ಇದ್ರೆ ಮದುಮಗನೂ ಒಳ್ಳೆ ಫಿಟ್ಟಿಂಗ್ ಸೂಟ್ ಹಾಕಲಿ, ಚೆನ್ನಾಗಿರತ್ತೆ.

ಪ್ರಶ್ನೆ: ನೊಬೆಲ್ ತಗೊಳ್ಳೋಕೆ ಹೋದ್ರೂ ಟೇಲ್‌ಕೋಟ್ ಹಾಕ್ಲೇಬೇಕಂತೆ, ನಮ್ಮ ಉಡುಪು ನಡೆಯಲ್ವಾ? — ಓದುಗರು, ವಿಜಯನಗರ

ಉತ್ತರ: ನಡೆಯತ್ತೆ. ಡಿಸೆಂಬರ್ 10ರ ಸ್ಟಾಕ್‌ಹೋಮ್ ಸಮಾರಂಭಕ್ಕೆ ಗಂಡಸ್ರಿಗೆ ಟೇಲ್‌ಕೋಟ್ ಅಂತಿದೆ, ಜೊತೆಗೆ ಅವರವರ ದೇಶದ ಉಡುಪಿಗೂ ಅವಕಾಶ ಇದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಳ್ಳೋಕೆ ಅಭಿಜಿತ್ ಬ್ಯಾನರ್ಜಿ ಧೋತಿ ಮೇಲೆ ಕಪ್ಪು ಬಂದ್‌ಗಲಾ ಹಾಕ್ಕೊಂಡು ಹೋದ್ರು, ಜೊತೆಗೆ ನೊಬೆಲ್ ಪಡೆದ ಅವರ ಹೆಂಡತಿ ಎಸ್ತರ್ ಡುಫ್ಲೋ ಸೀರೆ ಉಟ್ಟಿದ್ರು. ನಂಗೆ ಎರಡೂ ಇಷ್ಟ, ಟೇಲ್‌ಕೋಟೂ, ನಮ್ಮ ಕಚ್ಚೆಪಂಚೆ ಕ್ಲೋಸ್ ಕಾಲರ್ ಕೋಟೂ. ಕಲಸೋದು ತಪ್ಪೂ ಅಲ್ಲ, ವಿಶ್ವೇಶ್ವರಯ್ಯನವ್ರ ಫೋಟೋ ನೋಡಿ, ಸೂಟು ಟೈ ಹಾಕಿ ತಲೆ ಮೇಲೆ ಮೈಸೂರು ಪೇಟ ಇಟ್ಟಿದ್ದಾರೆ, ಎಷ್ಟು ಒಪ್ಪತ್ತೆ.