ನ್ಯೂಯಾರ್ಕಿನ ಸಿಟಿ ಹಾಲ್ ನಿಲ್ದಾಣ: ಕಮಾನು ಮತ್ತು ತಿರುವು
ಅಷ್ಟು ಚೆಂದದ ನೆಲದಡಿಯ ರೈಲು ನಿಲ್ದಾಣವನ್ನು ಮುಚ್ಚಿದ್ದೇಕೆ, ಅದರ ಕಮಾನು ಚಾವಣಿ ನಮ್ಮ ಮೈಸೂರಿನ ಹಳೆಯ ಮನೆಗಳ ಮದ್ರಾಸ್ ತಾರಸಿಯಂಥದ್ದೇ ಎಂದು ತಾವು ಕೇಳಿದ್ದೀರಿ.

ಎರಡೂ ಒಂದೇ ಅಲ್ಲ. ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ಹಾಕುತ್ತಾರೆ. ಅಲ್ಲಿ ಭಾರ ಹೊರುವುದು ತೊಲೆ. ಈ ನಿಲ್ದಾಣದ ಚಾವಣಿಗೆ ಬಳಸಿದ, ಕಮಾನು ಕಟ್ಟುವುದರಲ್ಲಿ ನಿಪುಣರಾದ ರಫೇಲ್ ಗ್ವಾಸ್ತಾವಿನೊ ಅವರ ವಿಧಾನದಲ್ಲಾದರೋ ತೆಳುವಾದ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಮಟ್ಟಸವಾಗಿ, ಪದರದ ಮೇಲೆ ಪದರವಾಗಿ, ಬೇಗನೆ ಗಟ್ಟಿಯಾಗುವ ಗಾರೆಯಿಂದ ಅಂಟಿಸುತ್ತ ಹೋಗುವುದರಿಂದ ಬಾಗಿದ ಆಕಾರವೇ ಭಾರವನ್ನು ಗೋಡೆಗಳಿಗೆ ಸಾಗಿಸುತ್ತದೆ, ತೊಲೆಯ ಅಗತ್ಯವೇ ಬೀಳುವುದಿಲ್ಲ. ನನ್ನ ಮಟ್ಟಿಗೆ ಆ ನಿಲ್ದಾಣದ ನಿಜವಾದ ಸೊಬಗು ದೀಪಗುಚ್ಛಗಳಲ್ಲಲ್ಲ, ಈ ಕಟ್ಟುವಿಕೆಯಲ್ಲೇ ಇದೆ.

ಮುಚ್ಚಿದ ಕಾರಣ ಸರಳ. 1904ರ ಅಕ್ಟೋಬರ್ 27ರಂದು ಆರಂಭವಾದ ಈ ನಿಲ್ದಾಣದ ಪ್ಲಾಟ್‌ಫಾರಂ ಗಿಡ್ಡದು, ಮೇಲಾಗಿ ತೀವ್ರವಾಗಿ ಬಾಗಿದ್ದು. ನಡುವೆಯೂ ಬಾಗಿಲುಳ್ಳ ಹೊಸ ಬೋಗಿಗಳು ಬಂದಾಗ ಪ್ಲಾಟ್‌ಫಾರಂಗೂ ಬಾಗಿಲಿಗೂ ಅಪಾಯಕಾರಿ ಸಂದು ಉಳಿಯುತ್ತಿತ್ತು. ಪಕ್ಕದಲ್ಲೇ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣವಿದ್ದುದರಿಂದ ಪ್ರಯಾಣಿಕರೂ ಕಡಿಮೆ. 1945ರ ಡಿಸೆಂಬರ್ 31ರಂದು ಅದನ್ನು ಮುಚ್ಚಲಾಯಿತು. ಹಳಿಯ ಮೇಲೆ ಮಾತ್ರ ಆರನೆಯ ಸಂಖ್ಯೆಯ ಮಾರ್ಗದ ರೈಲುಗಳು ಇಂದಿಗೂ ತಿರುಗಿಕೊಳ್ಳುತ್ತವೆ.