ಚಕ್ರವರ್ತಿ ದೂರ, ಗುಮಾಸ್ತ ಹತ್ತಿರ: ಚೀನಾದ ಸಾಮ್ರಾಜ್ಯ ನಡೆದ ಬಗೆ

ಪ್ರಶ್ನೆ: ನಾನು ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ. ಚೀನಾದ ಛಿನ್, ಹಾನ್, ತಾಂಗ್, ಸೋಂಗ್, ಯುವಾನ್, ಮಿಂಗ್, ಚಿಂಗ್ ಮನೆತನಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಮನೆತನಗಳು ಉರುಳಿದರೂ, ಮಂಗೋಲರು ಮತ್ತು ಮಂಚೂಗಳು ಹೊರಗಿನಿಂದ ಬಂದು ಸಿಂಹಾಸನ ಹಿಡಿದರೂ ಆಡಳಿತದ ಕ್ರಮ ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು ಎನ್ನುತ್ತಾರಲ್ಲ, ಅದು ಹೇಗೆ ಸಾಧ್ಯವಾಯಿತು? ದೂರದ ಹಳ್ಳಿಯೊಂದನ್ನು ಚಕ್ರವರ್ತಿ ನಿಜಕ್ಕೂ ಆಳುತ್ತಿದ್ದನೇ? (ಮೈಸೂರಿನಿಂದ ಓದುಗರೊಬ್ಬರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರ ಅದರೊಳಗೇ ಇದೆ. ಹಳ್ಳಿಯನ್ನು ಚಕ್ರವರ್ತಿ ಆಳುತ್ತಿರಲಿಲ್ಲ. ಅವನು ನೇಮಿಸಿದ ಅಧಿಕಾರಿ ಕೂಡ ಹಳ್ಳಿಯ ಹೊಸ್ತಿಲಿಗೆ ಬರುತ್ತಿದ್ದದ್ದು ಅಪರೂಪ.

ಕ್ರಿ.ಪೂ. 221ರಲ್ಲಿ ಛಿನ್ ದೊರೆ ಉಳಿದ ರಾಜ್ಯಗಳನ್ನೆಲ್ಲ ಗೆದ್ದು ತನ್ನನ್ನು ಮೊದಲ ಚಕ್ರವರ್ತಿ ಎಂದು ಕರೆದುಕೊಂಡಾಗ, ಗೆದ್ದ ನೆಲವನ್ನು ತಮ್ಮಂದಿರಿಗೂ ಮಕ್ಕಳಿಗೂ ಹಂಚಿಕೊಡಬೇಕೇ ಎಂಬ ಚರ್ಚೆ ಆಸ್ಥಾನದಲ್ಲಿ ನಡೆಯಿತು. ಲೀ ಸಿ ಎಂಬ ಸಲಹೆಗಾರ ಅದನ್ನು ವಿರೋಧಿಸಿದ. ಇಂದಿನ ದಾಯಾದಿಗಳೇ ನಾಳಿನ ಶತ್ರುಗಳಾಗುತ್ತಾರೆ ಎಂಬುದು ಅವನ ವಾದದ ತಿರುಳು. ಅವನ ಮಾತು ನಡೆಯಿತು. ದೇಶವನ್ನು 36 ಪ್ರಾಂತ್ಯಗಳಾಗಿಯೂ ಅವುಗಳ ಕೆಳಗೆ ‘ಷ್ಯೆನ್’ ಎಂಬ ಘಟಕಗಳಾಗಿಯೂ ವಿಂಗಡಿಸಿ, ಪ್ರತಿಯೊಂದಕ್ಕೂ ಸಂಬಳದ, ವರ್ಗಾವಣೆ ಮಾಡಬಹುದಾದ, ಬೇಡವೆನಿಸಿದರೆ ತೆಗೆದುಹಾಕಬಹುದಾದ ಅಧಿಕಾರಿಯನ್ನು ನೇಮಿಸಲಾಯಿತು. ಛಿನ್ ಮನೆತನ ಹದಿನೈದೇ ವರ್ಷಗಳಲ್ಲಿ ಅಳಿದುಹೋಯಿತು. ಷ್ಯೆನ್ ಮಾತ್ರ ಇಂದಿಗೂ ಚೀನಾದ ಆಡಳಿತದ ನಕ್ಷೆಯಲ್ಲಿ ಉಳಿದಿದೆ. ಮೈಸೂರು ಸೀಮೆಯ ಹಳಬರಿಗೆ ಷ್ಯೆನ್ ಎಂದರೆ ತಾಲ್ಲೂಕು, ಅದರ ಅಧಿಕಾರಿ ಎಂದರೆ ಅಮಲ್ದಾರ ಎಂದು ಹೇಳಿದರೆ ಹೆಚ್ಚು ವಿವರಿಸಬೇಕಾಗಿಲ್ಲ. ಕಂದಾಯ, ಕಾನೂನು, ಶಾಂತಿಪಾಲನೆ ಮೂರೂ ಅವನ ತಲೆಯ ಮೇಲೆಯೇ ಇದ್ದವು.

ಇಲ್ಲಿ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕ್ರಿ.ಶ. 2ರಲ್ಲಿ ಹಾನ್ ಆಸ್ಥಾನ ನಡೆಸಿದ ಜನಗಣತಿಯಲ್ಲಿ ಸುಮಾರು 6 ಕೋಟಿ ಜನ ಎಣಿಕೆಗೆ ಸಿಕ್ಕಿದ್ದರು, ಮತ್ತು ಆಗ 1,500ಕ್ಕೂ ಹೆಚ್ಚು ಷ್ಯೆನ್‌ಗಳಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಂದರೆ ಚಿಂಗ್ ಕಾಲದಲ್ಲಿ, ಜನಸಂಖ್ಯೆ 40 ಕೋಟಿ ಮುಟ್ಟಿತ್ತು, ಷ್ಯೆನ್‌ಗಳು ಮಾತ್ರ ಸುಮಾರು 1,300. ಹಾನ್ ಕಾಲದ ಅಮಲ್ದಾರನ ಪಾಲಿಗೆ ಸರಾಸರಿ ನಲವತ್ತು ಸಾವಿರ ಜನರಿದ್ದರೆ, ಚಿಂಗ್ ಕಾಲದವನ ಪಾಲಿಗೆ ಮೂರು ಲಕ್ಷ. ಜನ ಬೆಳೆದಂತೆ ಸರ್ಕಾರ ಬೆಳೆಯಲಿಲ್ಲ. ಬೆಳೆಯಬೇಕೆಂದು ಬಯಸಲೂ ಇಲ್ಲ, ಏಕೆಂದರೆ ಅಧಿಕಾರಿಗಳು ಹೆಚ್ಚಿದರೆ ತೆರಿಗೆ ಹೆಚ್ಚಬೇಕು, ತೆರಿಗೆ ಹೆಚ್ಚಿದರೆ ರೈತರು ದಂಗೆ ಏಳುತ್ತಾರೆ ಎಂಬ ಭಯ ಎಲ್ಲ ಮನೆತನಗಳಿಗೂ ಇತ್ತು.

ಆ ಅಧಿಕಾರಿಯ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅವನನ್ನು ‘ತಾಯಿತಂದೆ ಅಧಿಕಾರಿ’ ಎಂದು ಜನ ಕರೆಯುತ್ತಿದ್ದರು, ಆದರೆ ಅವನು ಆ ಊರಿಗೆ ಹೊರಗಿನವನಾಗಿರಲೇಬೇಕು ಎಂಬುದು ನಿಯಮ. ಸ್ವಂತ ಪ್ರಾಂತ್ಯದಲ್ಲಿ ಕೆಲಸ ಮಾಡುವಂತಿರಲಿಲ್ಲ, ತನ್ನ ಅಧಿಕಾರವ್ಯಾಪ್ತಿಯ ಹೆಣ್ಣನ್ನು ಮದುವೆಯಾಗುವಂತಿರಲಿಲ್ಲ, ಮೂರು ವರ್ಷ ಕಳೆಯುವುದರೊಳಗೆ ಅನೇಕ ವೇಳೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಅಲ್ಲಿಯ ಜನರ ಆಡುಮಾತು ಅವನಿಗೆ ಅರ್ಥವಾಗದಿರುವುದು ಸಾಮಾನ್ಯವಾಗಿತ್ತು. ಚಿಂಗ್ ಕಾಲದಲ್ಲಿ ಅವನ ಮೂಲ ಸಂಬಳ ವರ್ಷಕ್ಕೆ 45 ತೇಲ್ (ತೇಲ್ ಎಂದರೆ ಚೀನೀ ತೂಕದ ಅಳತೆ) ಬೆಳ್ಳಿ ಮಾತ್ರ, ಅದರಲ್ಲಿ ತಾನೇ ಇಟ್ಟುಕೊಂಡ ಆಪ್ತ ಸಲಹೆಗಾರರಿಗೆ ಸಂಬಳ ಕೊಡುವುದೂ ಆಗುತ್ತಿರಲಿಲ್ಲ. ಯೊಂಗ್‌ಝೆಂಗ್ ಚಕ್ರವರ್ತಿ 1720ರ ದಶಕದಲ್ಲಿ ‘ಪ್ರಾಮಾಣಿಕತೆಯನ್ನು ಪೋಷಿಸುವ ಬೆಳ್ಳಿ’ ಎಂಬ ಹೆಸರಿನಲ್ಲಿ ಮೂಲ ಸಂಬಳದ ಹತ್ತಾರು ಪಟ್ಟು ಭತ್ಯೆ ಕೊಡಲು ತೊಡಗಿದ್ದು ಈ ಕಾರಣಕ್ಕೆ. ಹೆಸರೇ ಎಲ್ಲವನ್ನೂ ಹೇಳುತ್ತದೆ.

ಹಾಗಾದರೆ ಕಚೇರಿಯನ್ನು ನಡೆಸುತ್ತಿದ್ದವರು ಯಾರು? ಗುಮಾಸ್ತರು ಮತ್ತು ಪೇದೆಗಳು. ಅಧಿಕಾರಿ ಬರುತ್ತಿದ್ದ, ಹೋಗುತ್ತಿದ್ದ. ಗುಮಾಸ್ತ ಮಾತ್ರ ಅದೇ ಊರಿನವನು, ಅದೇ ಕಡತದ ಕೋಣೆಯಲ್ಲಿ ಕೂತವನು. ಚಿಂಗ್ ಕಾಲದಲ್ಲಿ ಅವನಿಗೆ ಸರ್ಕಾರದ ಸಂಬಳ ಹೆಚ್ಚುಕಡಿಮೆ ಇರಲೇ ಇಲ್ಲ. ಅರ್ಜಿ ಬರೆಸಿಕೊಳ್ಳುವುದಕ್ಕೆ, ಮೊಕದ್ದಮೆ ದಾಖಲಿಸುವುದಕ್ಕೆ, ಜಮೀನಿನ ಖಾತೆ ತಿದ್ದುವುದಕ್ಕೆ ಜನರಿಂದ ಪಡೆಯುವ ರೂಢಿಯ ಶುಲ್ಕವೇ ಅವನ ಜೀವನ. ಐದು ವರ್ಷಕ್ಕಿಂತ ಹೆಚ್ಚು ಅದೇ ಹುದ್ದೆಯಲ್ಲಿ ಇರಬಾರದೆಂಬ ಕಟ್ಟಳೆ ಇತ್ತಾದರೂ, ಹೆಸರು ಬದಲಿಸಿಕೊಂಡು ಮತ್ತೆ ಅದೇ ಮಣೆಯ ಮೇಲೆ ಬಂದು ಕೂರುವ ಉಪಾಯ ಎಲ್ಲರಿಗೂ ಗೊತ್ತಿತ್ತು. ‘ಆಕಾಶ ಎತ್ತರ, ಚಕ್ರವರ್ತಿ ದೂರ’ ಎಂದು ಚೀನೀಯರು ಹೇಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ನಮಗೆ ಆ ಮಾತಿನ ಅನುಭವ ಹೊಸದಲ್ಲ.

ಗುಮಾಸ್ತನ ಕೆಳಗಿನದ್ದೆಲ್ಲ ಸರ್ಕಾರದ ಹೊರಗಿತ್ತು. ಮಿಂಗ್ ಆರಂಭದಲ್ಲಿ 110 ಮನೆಗಳಿಗೆ ಒಂದು ಗುಂಪು ಮಾಡಿ, ಅದರಲ್ಲಿನ ಅನುಕೂಲಸ್ಥ ಹತ್ತು ಮನೆಗಳವರು ಸರದಿಯ ಮೇಲೆ ತೆರಿಗೆ ಕೂಡಿಸಿ ಒಪ್ಪಿಸಬೇಕೆಂದು ಗೊತ್ತುಮಾಡಲಾಯಿತು. ಮನೆಮನೆಯ ವಿವರವಿದ್ದ ‘ಹಳದಿ ದಫ್ತರ’ಗಳ ಒಂದೊಂದು ಪ್ರತಿಯನ್ನು ಬೆಂಕಿಯ ಭಯದಿಂದ ನಾಂಜಿಂಗ್‌ನ ಕೆರೆಯೊಂದರ ನಡುವಿನ ದ್ವೀಪಗಳಲ್ಲಿ ಇಡುತ್ತಿದ್ದರು. ಹಳ್ಳಿಯ ಜಗಳಗಳನ್ನು ಬಹುಪಾಲು ವಂಶದ ಹಿರಿಯರೂ, ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಒಂದು ಹಂತ ದಾಟಿ ಹುದ್ದೆ ಸಿಗದೆ ಊರಲ್ಲೇ ಉಳಿದ ವಿದ್ಯಾವಂತ ಜಮೀನ್ದಾರರೂ ತೀರಿಸುತ್ತಿದ್ದರು. ರಾಜಧಾನಿಯಲ್ಲಿ ಯಾರು ಗೆದ್ದರೂ ಈ ಜನ ಇದ್ದಲ್ಲೇ ಇದ್ದರು. ಹೊಸ ಮನೆತನಕ್ಕೆ ತೆರಿಗೆ ಬೇಕಾಗಿತ್ತು, ಇವರಿಗೆ ಪದವಿಯ ಗೌರವ ಬೇಕಾಗಿತ್ತು. ಒಪ್ಪಂದ ಕುದುರಲು ಬಹಳ ದಿನ ಹಿಡಿಯುತ್ತಿರಲಿಲ್ಲ. ಮಂಚೂಗಳು 1644ರಲ್ಲಿ ಬೀಜಿಂಗ್ ಹಿಡಿದ ಮೇಲೆ ಗಂಡಸರ ತಲೆಯ ಮುಂಭಾಗ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಕತ್ತಿ ತೋರಿಸಿ ಆಜ್ಞೆ ಮಾಡಿದರು, ಆದರೆ ಆರು ಮಂತ್ರಾಲಯಗಳನ್ನು (ನೇಮಕಾತಿ, ಕಂದಾಯ, ವಿಧಿಆಚರಣೆ, ಯುದ್ಧ, ನ್ಯಾಯ, ಕಾಮಗಾರಿ) ಹಾಗೆಯೇ ಉಳಿಸಿಕೊಂಡು, ಪ್ರತಿಯೊಂದಕ್ಕೂ ಒಬ್ಬ ಮಂಚೂ, ಒಬ್ಬ ಹಾನ್ (ಎಂದರೆ ಚೀನೀ ಜನಾಂಗದ) ಮುಖ್ಯಸ್ಥನನ್ನು ಜೋಡಿಯಾಗಿ ಕೂರಿಸಿದರು. ಆ ಆರು ಖಾತೆಗಳ ವಿಂಗಡಣೆ ಅವರಿಗಿಂತ ಸಾವಿರ ವರ್ಷ ಹಿಂದಿನ ಸ್ವೈ ಮತ್ತು ತಾಂಗ್ ಆಳ್ವಿಕೆಗಳಲ್ಲಿ ನೆಲೆಗೊಂಡದ್ದು.

ಬದಲಾವಣೆಯೇ ಆಗಲಿಲ್ಲ ಎಂದು ಇದರಿಂದ ತಿಳಿಯಬೇಡಿ. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಲ್ಲಟ ನಡೆದದ್ದು 1380ರಲ್ಲಿ. ಬಡ ರೈತನ ಮಗನಾಗಿ ಹುಟ್ಟಿ, ಹಸಿವಿನಿಂದ ಬೌದ್ಧ ಮಠ ಸೇರಿ, ಬೇಡಿ ತಿಂದು ಬೆಳೆದ ಮಿಂಗ್ ಸ್ಥಾಪಕ ಝು ಯುವಾನ್‌ಝಾಂಗ್ ಆ ವರ್ಷ ತನ್ನ ಮಹಾಮಂತ್ರಿ ಹು ವೈಯೊಂಗ್‌ನನ್ನು ರಾಜದ್ರೋಹದ ಆರೋಪದ ಮೇಲೆ ಕೊಲ್ಲಿಸಿದ್ದಲ್ಲದೆ, ಛಿನ್ ಕಾಲದಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದ ಮಹಾಮಂತ್ರಿಯ ಸ್ಥಾನವನ್ನೇ ರದ್ದುಮಾಡಿ, ಅದನ್ನು ಮತ್ತೆ ತರಬೇಕೆಂದು ಯಾರೂ ಸಲಹೆ ಕೂಡ ಕೊಡಬಾರದೆಂದು ಕಟ್ಟುಮಾಡಿದ. ಫಲವಾಗಿ ಆರು ಮಂತ್ರಾಲಯಗಳ ಕಾಗದವೆಲ್ಲ ನೇರವಾಗಿ ಅವನ ಮೇಜಿಗೇ ಬಂತು: 1384ರಲ್ಲಿ ಎಂಟು ದಿನಗಳ ಅವಧಿಯಲ್ಲಿ 1,660 ವರದಿಗಳು, ಅವುಗಳಲ್ಲಿ 3,391 ವಿಷಯಗಳು. ದಿನಕ್ಕೆ ಇನ್ನೂರು ಕಡತ. ಅವನಿಗೆ ಅಂಥ ಕಸುವಿತ್ತು. ಅವನ ವಂಶದ ವಾನ್‌ಲೀ ಚಕ್ರವರ್ತಿಯಾದರೋ ತನ್ನ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಅಧಿಕಾರಿಗಳಿಗೆ ಮುಖ ತೋರಿಸುವುದನ್ನೇ ಬಹುಮಟ್ಟಿಗೆ ಬಿಟ್ಟ, ಖಾಲಿಯಾದ ಹುದ್ದೆಗಳು ಖಾಲಿಯೇ ಉಳಿದವು. ಮಹಾಮಂತ್ರಿಯಿಲ್ಲದ ವ್ಯವಸ್ಥೆಯಲ್ಲಿ ದೊರೆ ಸೋಮಾರಿಯಾದರೆ ಕಾಗದ ಹೊತ್ತೊಯ್ಯುವ ನಪುಂಸಕ ಸೇವಕನೇ ದೊರೆಯಾಗುತ್ತಾನೆ. ಮಿಂಗ್ ಆಸ್ಥಾನದಲ್ಲಿ ಅದು ಮತ್ತೆ ಮತ್ತೆ ನಡೆಯಿತು.

ಚಿಂಗ್ ಅರಸರು ಈ ಪಾಠ ಕಲಿತಿದ್ದರು. ದೂರದ ಪ್ರಾಂತ್ಯದ ನಂಬುಗೆಯ ಅಧಿಕಾರಿ ತಾನೇ ಬರೆದ ಗುಪ್ತ ವರದಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಿದ್ದ. ಬೀಗದ ಕೈ ಇದ್ದದ್ದು ಅವನ ಬಳಿ ಮತ್ತು ಚಕ್ರವರ್ತಿಯ ಬಳಿ ಮಾತ್ರ. ಚಕ್ರವರ್ತಿ ಅದೇ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ತನ್ನ ಮಾತು ಬರೆದು ಹಿಂದಿರುಗಿಸುತ್ತಿದ್ದ, ಓದಿದ ಮೇಲೆ ಅಧಿಕಾರಿ ಆ ಹಾಳೆಯನ್ನು ಮತ್ತೆ ಅರಮನೆಗೆ ಒಪ್ಪಿಸಬೇಕೆಂದು ಯೊಂಗ್‌ಝೆಂಗ್ ನಿಯಮ ಮಾಡಿದ. ಆ ಸಂಶಯಬುದ್ಧಿಯ ಪುಣ್ಯದಿಂದ ಇಂದು ಅವು ರಾಶಿರಾಶಿಯಾಗಿ ಪತ್ರಾಗಾರಗಳಲ್ಲಿ ಉಳಿದು ನಮ್ಮಂಥವರ ಹೊಟ್ಟೆ ಹೊರೆಯುತ್ತಿವೆ.

ಪ್ರಶ್ನೆ: ನಾನು ಕೆಎಎಸ್ ಪರೀಕ್ಷೆಗೆ ಓದುತ್ತಿರುವವನು. ಚೀನಾದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕವೇ ಅಧಿಕಾರಿಗಳನ್ನು ಆರಿಸುತ್ತಿದ್ದರು ಎಂದು ಓದಿದ್ದೇನೆ. ಅದರಲ್ಲಿ ಬಡವರ ಮಕ್ಕಳಿಗೆ ನಿಜಕ್ಕೂ ಅವಕಾಶವಿತ್ತೇ? ಅಕ್ರಮಗಳನ್ನು ಹೇಗೆ ತಡೆಯುತ್ತಿದ್ದರು? (ಧಾರವಾಡದಿಂದ ಓದುಗರೊಬ್ಬರು)

ಉತ್ತರ: ಅಕ್ರಮದ ಮಾತಿನಿಂದ ಆರಂಭಿಸಿದರೆ ನಿಮಗೆ ಹೆಚ್ಚು ರುಚಿಸೀತು. ಸ್ವೈ ಕಾಲದಲ್ಲಿ, 605ರ ಸುಮಾರಿಗೆ ಮೊದಲಾದ ಈ ಪರೀಕ್ಷೆ ತಾಂಗ್ ಆಳ್ವಿಕೆಯಲ್ಲಿ ಇನ್ನೂ ದೊಡ್ಡ ಮನೆತನಗಳ ಶಿಫಾರಸಿಗೆ ಬಾಗುತ್ತಿತ್ತು. ಅದನ್ನು ಬಿಗಿಗೊಳಿಸಿದವರು ಸೋಂಗ್ ಅರಸರು. ಉತ್ತರಪತ್ರಿಕೆಯಲ್ಲಿ ಹೆಸರಿದ್ದ ಭಾಗವನ್ನು ಮಡಿಸಿ ಅಂಟಿಸುವ ಕ್ರಮ ಮೊದಲು ಬಂತು. ಕೈಬರಹದಿಂದ ಗುರುತು ಹಿಡಿಯುತ್ತಾರೆಂದು ತಿಳಿದಾಗ, ಪ್ರತಿಯೊಂದು ಉತ್ತರವನ್ನೂ ನಕಲುಗಾರರಿಂದ ಮರುಬರೆಸಿ, ಆ ನಕಲನ್ನಷ್ಟೇ ಪರೀಕ್ಷಕರಿಗೆ ಕೊಡುವ ವ್ಯವಸ್ಥೆ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಜಾರಿಯಾಯಿತು. ಅಭ್ಯರ್ಥಿ ಬರೆಯುವುದು ಕಪ್ಪು ಶಾಯಿಯಲ್ಲಿ, ನಕಲು ಕೆಂಪು ಶಾಯಿಯಲ್ಲಿ. ಎರಡನ್ನೂ ತಾಳೆ ನೋಡಲು ಬೇರೆಯವರು. ನಿಮ್ಮ ಉತ್ತರಪತ್ರಿಕೆಯ ಮೇಲಿನ ಸಂಕೇತಸಂಖ್ಯೆಗೆ ಸಾವಿರ ವರ್ಷದ ಅಣ್ಣನೊಬ್ಬನಿದ್ದಾನೆ ಎನ್ನಬಹುದು.

ಪರೀಕ್ಷಾ ಮಂದಿರ ಹೇಗಿತ್ತೆಂದರೆ, ನಾಂಜಿಂಗ್‌ನಲ್ಲಿದ್ದ ಚಿಂಗ್ ಕಾಲದ ಮಂದಿರದಲ್ಲಿ 20,000ಕ್ಕೂ ಹೆಚ್ಚು ಗೂಡುಗಳಿದ್ದವು. ಮೂರು ಕಡೆ ಇಟ್ಟಿಗೆ ಗೋಡೆ, ಎದುರು ಬಾಗಿಲಿಲ್ಲ. ಗೋಡೆಯಲ್ಲಿ ಎರಡು ಬೇರೆಬೇರೆ ಎತ್ತರದಲ್ಲಿ ಕೊರೆದ ಸೀಳುಗಳು, ಜೊತೆಗೆ ಎರಡು ಹಲಗೆ. ಹಗಲು ಒಂದು ಹಲಗೆ ಮೇಲಿದ್ದು ಮೇಜಾಗುತ್ತಿತ್ತು, ಇನ್ನೊಂದು ಕೆಳಗಿದ್ದು ಪೀಠವಾಗುತ್ತಿತ್ತು. ರಾತ್ರಿ ಎರಡನ್ನೂ ಕೆಳಗಿನ ಸೀಳಿಗೆ ಸೇರಿಸಿದರೆ ಮಂಚ. ಕಾಲು ಚಾಚಲು ಜಾಗವಿಲ್ಲ. ಪ್ರಾಂತೀಯ ಪರೀಕ್ಷೆ ಮೂರು ಕಂತುಗಳಲ್ಲಿ ನಡೆಯುತ್ತಿತ್ತು, ಒಂದೊಂದು ಕಂತಿಗೂ ಎರಡು ರಾತ್ರಿ ಆ ಗೂಡಿನಲ್ಲೇ ವಾಸ, ತಂದ ಅಕ್ಕಿಯನ್ನು ತಾನೇ ಬೇಯಿಸಿಕೊಳ್ಳುವುದು, ಮಳೆ ಬಂದರೆ ಮೊದಲು ಹಾಳೆಯನ್ನು ಕಾಪಾಡಿಕೊಳ್ಳುವುದು. ಒಳಗೆ ಬಿಡುವ ಮುನ್ನ ಬಟ್ಟೆಬರೆ, ಬುಟ್ಟಿ, ಬುತ್ತಿ ಎಲ್ಲವನ್ನೂ ತಡಕುತ್ತಿದ್ದರು. ಹಾಗಿದ್ದೂ ಒಳಅಂಗಿಯ ತುಂಬ ಇರುವೆಯಂಥ ಅಕ್ಷರದಲ್ಲಿ ಪ್ರಬಂಧಗಳನ್ನು ಬರೆದುಕೊಂಡು ಬಂದವರಿದ್ದರು. ಅಂಥ ಅಂಗಿಗಳು ಇಂದಿಗೂ ಉಳಿದುಬಂದಿವೆ. ಅಷ್ಟು ಸಾವಿರ ಮಂದಿಯಲ್ಲಿ ತೇರ್ಗಡೆಯಾಗುವವರ ಸಂಖ್ಯೆ ಸಾಮಾನ್ಯವಾಗಿ ನೂರಿನ್ನೂರರ ಒಳಗಿರುತ್ತಿತ್ತು, ಮತ್ತು ಅದರಾಚೆ ರಾಜಧಾನಿಯ ಪರೀಕ್ಷೆ, ಅರಮನೆಯ ಪರೀಕ್ಷೆ ಎಂಬ ಎರಡು ಮೆಟ್ಟಿಲು ಇನ್ನೂ ಉಳಿದಿದ್ದವು.

ಬಡವರ ಮಕ್ಕಳ ವಿಚಾರಕ್ಕೆ ಬರೋಣ. ಕಾಗದದ ಮೇಲೆ ಬಾಗಿಲು ಅಗಲವಾಗಿ ತೆರೆದಿತ್ತು: ಹೆಂಗಸರು, ನಟರ ಮತ್ತು ವೇಶ್ಯೆಯರ ಮಕ್ಕಳು, ಕಚೇರಿಯ ಪೇದೆಗಳ ಮಕ್ಕಳು ಹೀಗೆ ಕೆಲವರನ್ನು ಬಿಟ್ಟರೆ ರೈತನ ಮಗನಿಗೆ ಅಡ್ಡಿಯಿರಲಿಲ್ಲ. ಆದರೆ ಬಾಯಿಪಾಠ ಮಾಡಬೇಕಾದ ಗ್ರಂಥಗಳೇ ನಾಲ್ಕು ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟಾಗುತ್ತಿದ್ದವು. ಹತ್ತಿಪ್ಪತ್ತು ವರ್ಷ ಹೊಲದ ಕೆಲಸಕ್ಕೆ ಒದಗದೆ ಓದುತ್ತ ಕೂರುವ ಮಗನನ್ನು ಸಾಕುವ ಶಕ್ತಿ ಎಷ್ಟು ಮನೆಗಳಿಗಿತ್ತು? ಅದಕ್ಕಾಗಿಯೇ ದೊಡ್ಡ ವಂಶಗಳು ಒಟ್ಟಾಗಿ ಆಸ್ತಿ ಮಾಡಿಕೊಂಡು ತಮ್ಮಲ್ಲಿನ ಚುರುಕು ಹುಡುಗರನ್ನು ಓದಿಸುತ್ತಿದ್ದವು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಬಡತನದಲ್ಲಿ ಓದಿ ಸೋಂಗ್ ಆಸ್ಥಾನದ ಮಂತ್ರಿಯಾದ ಫಾನ್ ಝೊಂಗ್‌ಯಾನ್ 1050ರ ಹೊತ್ತಿಗೆ ಸೂಝೌನಲ್ಲಿ ತನ್ನ ವಂಶದವರಿಗಾಗಿ ಬಿಟ್ಟ ದತ್ತಿ ಜಮೀನು ಶತಮಾನಗಳ ಕಾಲ ನಡೆಯಿತು. ಅಭ್ಯರ್ಥಿಗಳು ತಮ್ಮ ಹಿಂದಿನ ಮೂರು ತಲೆಮಾರಿನವರ ವಿವರ ಬರೆಯಬೇಕಿದ್ದರಿಂದ, ಉಳಿದುಬಂದ ಪಟ್ಟಿಗಳಲ್ಲಿ ಅಧಿಕಾರಿಗಳಿಲ್ಲದ ಮನೆಯಿಂದ ಬಂದವರು ಸಾಕಷ್ಟು ಮಂದಿ ಸಿಗುತ್ತಾರೆ. ಆದರೆ ಆ ಪಟ್ಟಿ ಸೋದರಮಾವನನ್ನೂ ಚಿಕ್ಕಪ್ಪನನ್ನೂ ಹೆಣ್ಣು ಕೊಟ್ಟ ಮಾವನನ್ನೂ ಲೆಕ್ಕಕ್ಕೆ ತರುವುದಿಲ್ಲ ಎಂಬುದನ್ನು ಮರೆಯಬಾರದು. ಕೂಲಿಯವನ ಮಗ ಅಧಿಕಾರಿಯಾದದ್ದು ಅಪರೂಪ, ಸಣ್ಣ ಹಿಡುವಳಿಯವನ ಮೊಮ್ಮಗ ಆದದ್ದು ಅಷ್ಟು ಅಪರೂಪವಲ್ಲ ಎಂದು ಹೇಳುವುದು ನ್ಯಾಯ.

ಪ್ರದೇಶವಾರು ಮೀಸಲಾತಿಯ ಜಗಳವೂ ಅಲ್ಲಿತ್ತು. 1397ರ ಪರೀಕ್ಷೆಯಲ್ಲಿ ತೇರ್ಗಡೆಯಾದ ಐವತ್ತಕ್ಕೂ ಹೆಚ್ಚು ಮಂದಿ ಒಬ್ಬರೂ ಬಿಡದೆ ದಕ್ಷಿಣದವರಾಗಿದ್ದರು. ಉತ್ತರದವರು ದೊಂಬಿ ಎಬ್ಬಿಸಿದರು. ಮೊದಲೇ ಹೇಳಿದ ಝು ಯುವಾನ್‌ಝಾಂಗ್ ಮರುಪರಿಶೀಲನೆ ಮಾಡಿಸಿದ. ಮೊದಲ ತೀರ್ಪೇ ಸರಿ ಎಂದವರಲ್ಲಿ ಹಲವರನ್ನು ಕೊಲ್ಲಿಸಿ, 61 ಮಂದಿ ಉತ್ತರದವರ ಹೊಸ ಪಟ್ಟಿ ಹೊರಡಿಸಿದ. ಮೂವತ್ತು ವರ್ಷಗಳ ನಂತರ, ಇಂಥ ರಕ್ತಪಾತ ಬೇಡವೆಂದು, ನೂರು ಸ್ಥಾನಗಳಲ್ಲಿ ದಕ್ಷಿಣಕ್ಕೆ 55, ಉತ್ತರಕ್ಕೆ 35, ನಡುಸೀಮೆಗೆ 10 ಎಂದು ಹಂಚಿಕೆಯಾಯಿತು.

ಸೋತವರ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಗುವಾಂಗ್‌ಝೌನಲ್ಲಿ 1827ರಿಂದ 1843ರವರೆಗೆ ಕೆಳಹಂತದ ಪರೀಕ್ಷೆಯಲ್ಲೇ ನಾಲ್ಕು ಬಾರಿ ಅನುತ್ತೀರ್ಣನಾದ ಹೊಂಗ್ ಶಿಯುಚುವಾನ್, ಮೂರನೆಯ ಸೋಲಿನ ನಂತರ ಬಿದ್ದ ಜ್ವರದಲ್ಲಿ ಕಂಡ ಕನಸುಗಳ ಬಲದಿಂದ ತಾನು ಯೇಸುವಿನ ತಮ್ಮನೆಂದು ನಂಬಿ, 1851ರಲ್ಲಿ ತೈಪಿಂಗ್ ದಂಗೆಯನ್ನು ಎಬ್ಬಿಸಿದ. 1864ರಲ್ಲಿ ಅದು ಅಡಗುವ ಹೊತ್ತಿಗೆ ಕೋಟಿಗಟ್ಟಲೆ ಜನ ಸತ್ತಿದ್ದರು. ನಾಂಜಿಂಗ್ ಅವನ ರಾಜಧಾನಿಯಾಗಿತ್ತು, ಅಲ್ಲಿ ಅವನು ಮಾಡಿದ ಕೆಲಸಗಳಲ್ಲಿ ಒಂದು ತನ್ನದೇ ಪರೀಕ್ಷೆಗಳನ್ನು ನಡೆಸಿದ್ದು. 1905ರಲ್ಲಿ ಚಿಂಗ್ ಆಸ್ಥಾನ ಪರೀಕ್ಷೆಯನ್ನು ರದ್ದುಮಾಡಿತು, ಏಳು ವರ್ಷ ತುಂಬುವುದರೊಳಗೆ ಆಸ್ಥಾನವೂ ಇಲ್ಲವಾಯಿತು.

ಪ್ರಶ್ನೆ: ಚೀನಾದ ಅಧಿಕಾರಿಗಳನ್ನು ಕರೆಯುವ ‘ಮ್ಯಾಂಡರಿನ್’ ಎಂಬ ಪದ ನಮ್ಮ ‘ಮಂತ್ರಿ’ಯಿಂದ ಬಂದದ್ದೆಂದು ವಾಟ್ಸ್ಆಪ್‌ನಲ್ಲಿ ಓದಿದೆ. ಇದು ನಿಜವೇ? (ಕುಂದಾಪುರದಿಂದ ಓದುಗರೊಬ್ಬರು)

ಉತ್ತರ: ಈ ಒಂದು ಸಲ ವಾಟ್ಸ್ಆಪ್ ಸರಿ. ಸಂಸ್ಕೃತದ ‘ಮಂತ್ರಿ’ ಮಲಯ ಭಾಷೆಗೆ ‘ಮಂತೆರಿ’ಯಾಗಿ ಹೋಗಿತ್ತು; ಹದಿನಾರನೆಯ ಶತಮಾನದಲ್ಲಿ ಮಲಕ್ಕಾದ ಕಡೆ ವ್ಯಾಪಾರಕ್ಕಿದ್ದ ಪೋರ್ಚುಗೀಸರು ಅದನ್ನು ಕೇಳಿ ತಮ್ಮ ಬಾಯಿಗೆ ಒಗ್ಗಿಸಿಕೊಂಡು ಚೀನಾದ ಅಧಿಕಾರಿಗಳಿಗೆ ಅಂಟಿಸಿದರು. ಅವರ ಭಾಷೆಯಲ್ಲಿ ಆಜ್ಞೆ ಮಾಡು ಎಂಬರ್ಥದ ‘ಮಂದಾರ್’ ಎಂಬ ಕ್ರಿಯಾಪದ ಇದ್ದದ್ದರಿಂದ ಹೊಸ ಪದ ಸಲೀಸಾಗಿ ಹೊಂದಿಕೊಂಡಿತು. ಚೀನೀಯರು ಮಾತ್ರ ಅದನ್ನು ಎಂದೂ ಬಳಸಲಿಲ್ಲ. ಅವರಿಗೆ ಅಧಿಕಾರಿ ‘ಗುವಾನ್’, ಪರಸ್ಥಳದಲ್ಲಿ ಕೆಲಸ ಮಾಡುವ ಗುವಾನ್‌ಗಳು ತಮ್ಮತಮ್ಮಲ್ಲಿ ಆಡುತ್ತಿದ್ದ ಮಾತು ‘ಗುವಾನ್‌ಹುವಾ’. ಮೊದಲ ಪ್ರಶ್ನೆಯಲ್ಲಿ ಕಂಡ ಅಮಲ್ದಾರ ಊರಿನವರ ಮಾತು ತಿಳಿಯದೆಯೂ ಕಚೇರಿ ನಡೆಸುತ್ತಿದ್ದದ್ದು ಈ ಮಾತಿನ ಬಲದಿಂದಲೇ, ಅದನ್ನು ಬಲ್ಲ ಗುಮಾಸ್ತ ಪಕ್ಕದಲ್ಲಿದ್ದರೆ.