ಕಥೋಲಿಕರು ಶನಿವಾರ ಸಂಜೆ ಚರ್ಚ್‌ನ ಪೂಜೆಗೆ ಹೋದರೆ, ಭಾನುವಾರ ಪೂಜೆಗೆ ಹೋಗಲೇಬೇಕೆಂಬ ಕಡ್ಡಾಯ ತೀರುತ್ತದೆಯೇ?

ಖಂಡಿತ ತೀರುತ್ತದೆ. ಚಿಕ್ಕಮಗಳೂರಿನ ತೋಟದಲ್ಲಿ ಶನಿವಾರ ಕಾಫಿ ಹಣ್ಣಿನ ಚೀಲ ತೂಕಕ್ಕೆ ಹಾಕಿ, ಕೈಕಾಲು ತೊಳೆದು ಚರ್ಚ್‌ನಲ್ಲಿ ಸಂಜೆಯ ಬಲಿಪೂಜೆಗೆ (ಮಾಸ್) ಬಂದವರು ಭಾನುವಾರದ ಪೂಜೆಯನ್ನೇ ಮುಗಿಸಿದಂತೆ. 1983ರ ಕಥೋಲಿಕ ಧರ್ಮಸಭೆಯ (ಚರ್ಚ್) ಕಾನೂನಿನ 1248ನೇ ನಿಯಮ ಹಾಗೆಂದೇ ಹೇಳುತ್ತದೆ. ಇದು ಸುಮ್ನೆ ಕೊಟ್ಟ ರಿಯಾಯಿತಿ ಅಲ್ಲ. ಯೆಹೂದ್ಯರ ಹಳೆಯ ಲೆಕ್ಕದಲ್ಲಿ ಸೂರ್ಯ ಮುಳುಗಿದರೆ ಮರುದಿನ ಶುರು. ಭಾನುವಾರಕ್ಕೂ ದೊಡ್ಡ ಹಬ್ಬಗಳಿಗೂ ಧರ್ಮಸಭೆ ಆ ಲೆಕ್ಕವನ್ನೇ ಉಳಿಸಿಕೊಂಡಿದೆ.

ಜಾಸ್ತಿ ಗೊಂದಲ ಆಗುವುದು ಕ್ರಿಸ್ಮಸ್ ಸೋಮವಾರ ಬಂದಾಗ. ಭಾನುವಾರ ಸಂಜೆಯ ಒಂದೇ ಪೂಜೆ ಭಾನುವಾರಕ್ಕೂ ಕ್ರಿಸ್ಮಸ್‌ಗೂ ಸಲ್ಲುವುದಿಲ್ಲ, ಎರಡು ಸಲ ಹೋಗಬೇಕು. ಕಾಯಿಲೆಯವರಿಗೆ, ಹಸುಗೂಸು ನೋಡಿಕೊಳ್ಳುವವರಿಗೆ ಈ ಕಡ್ಡಾಯವೇ ಇಲ್ಲ. ನಿಜಕ್ಕೂ ಬರಲಾಗದಿದ್ದರೆ ಪಾಪ ಮಾಡಿದೆ ಅಂತ ದಯವಿಟ್ಟು ಕೊರಗಬೇಡಿ.